ಶುಕ್ರವಾರದ ಒಂದೇ ಆಟ

ಮಸ್ಕತ್ತಿಗೆ ಕನ್ನಡ ಸಿನಿಮಾ ಬಂದರೆ
ಒಂದೇ ಆಟ, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ.
ಸೊಹಾರಿನಿಂದಲೂ ಬರುತ್ತಾರೆ,
ಡಬ್ಬಿ ತುಂಬ ಗೋಳಿಬಜೆ.
ರಾತ್ರಿಪಾಳಿ ಮುಗಿಸಿ ನಾನು ಸೀದಾ ರೂವಿಗೆ,
ಕೈಯಲ್ಲಿನ್ನೂ ಸ್ಪಿರಿಟ್ಟಿನ ವಾಸನೆ.
ರೋಯ್‌ಸ್ಟನ್‌ಗೆ ಹದಿನಾರು. ಟಿಕೆಟ್ಟು ಅವನೇ ತೆಗೆದಿದ್ದ,
ನನ್ನ ಕಾರ್ಡಿನಲ್ಲಿ.

ಬಾಗಿಲಲ್ಲಿ ಕೇಳಿದರು, ಹುಡುಗನ ಜೊತೆ ಯಾರು, ತಾಯಿಯಾ?
ಸಿಸ್ಟರ್, ಎಂದ.
ವಾರ್ಡಿನಲ್ಲಿ ಎಲ್ಲರೂ ಕರೆಯುವ ಹಾಗೆ,
ಏಳನೇ ವಯಸ್ಸಿನಿಂದ ಹಾಗೇ.
ಅವನಮ್ಮ ಸೆವ್ರಿನ್ ನನ್ನ ರೂಮಿನವಳು,
ನನ್ನದೇ ಪಾಳಿಯಲ್ಲಿ ಕಣ್ಣು ಮುಚ್ಚಿದಳು.
ಅಪ್ಪ ಸಲಾಲಾದಲ್ಲಿ ಟ್ರೇಲರ್ ಓಡಿಸುತ್ತಾನೆ;
ವೀಸಾ ಅವನದು, ಟಿಫಿನ್ನು ನನ್ನದು.
'ಸಂಬಂಧ' ಎಂಬ ಕಾಲಮ್ಮಿನಲ್ಲಿ
ನಾನೊಂದು ಅಡ್ಡಗೆರೆ.

ತೆರೆಯ ಮೇಲೂ ಹೆರದ ತಾಯಿಯೇ.
ಬಾರು ನಡೆಸುವವಳು, ಹಣೆತುಂಬ ಕುಂಕುಮ, ತುಟಿಯಲ್ಲಿ ಬೀಡಿ,
ಬೀದಿಯಲ್ಲಿ ಸಿಕ್ಕ ನಾಲ್ಕು ಹುಡುಗರಿಗೆ
ಮೊದಲು ತುತ್ತು, ಆಮೇಲೆ ಮಚ್ಚು ಕೊಡುತ್ತಾಳೆ.
ಅವಳ ಹತ್ತಿರ ಯಾರೂ ಕಾಗದ ಕೇಳುವುದಿಲ್ಲ.
ಸುಳ್ಳು ಯಾಕೆ ಹೇಳಲಿ,
ಮೊದಲರ್ಧ ನಾನೂ ಅತ್ತೆ.

ಆಮೇಲೆ ಮಚ್ಚು ಎದ್ದಿತು. ಸುರಿಯುವ ಮಳೆ
ಹನಿ ಎಣಿಸುವಷ್ಟು ನಿಧಾನವಾಯಿತು.
ಅರಬ್ಬಿ ಅಕ್ಷರ ಮಾತಿಗಿಂತ ಮೊದಲೇ ಬಂದು
ಹಿಂದಿನ ಸಾಲಿನ ಈಜಿಪ್ತಿನವನು
ನಮಗಿಂತ ಮುಂಚೆ ಶಿಳ್ಳೆ ಹೊಡೆದ.
ಅಭ್ಯಾಸ, ನಾನು ಎಣಿಸುತ್ತಿದ್ದೆ:
ಭುಜಕ್ಕೆ ಹದಿನಾಲ್ಕು ಹೊಲಿಗೆ,
ಮೊಣಕೈಯಲ್ಲಿ ನರ ಹೋಗಿದೆ,
ಇವನಿನ್ನು ಬಲಗೈಯಲ್ಲಿ ಲೋಟ ಹಿಡಿಯಲಾರ.
"ಸಿಸ್ಟರ್, ಸುಮ್ಮನಿರಿ."
ಅವನ ಕೆನ್ನೆಯ ಮೇಲೆ ತೆರೆಯ ಕೆಂಪು
ಕ್ರಿಸ್ಮಸ್ಸಿನ ಲೈಟಿನ ಹಾಗೆ ಹತ್ತಿ ಆರುತ್ತಿತ್ತು.

ಅವಳು ಸೆರಗಿನಿಂದ ಮಗನ ಮುಖ ಒರೆಸಿದಳು.
ಒಂದೇ ಸಲಕ್ಕೆ ಶುಚಿ!
ನಮ್ಮಲ್ಲಿ ತಣ್ಣೀರು, ಉಪ್ಪು, ಮತ್ತೆ ತಣ್ಣೀರು,
ಆದರೂ ಕಾಲರಿನಲ್ಲಿ ಕಂದು ಉಳಿಯುತ್ತದೆ.

ಸಂಜೆ ಫೋನು ಮುಂದೆ ಹಿಡಿದ.
ಮಧ್ಯಾಹ್ನ ನಾನು ಮಲಗಿದ್ದಾಗ ಮಾಡಿದ್ದಂತೆ:
ನಮ್ಮದೇ ಅಡುಗೆಮನೆ, ಟ್ಯೂಬ್‌ಲೈಟಿನ ಕೆಳಗೆ ನಿಧಾನ ನಡಿಗೆ,
ಎದೆ ಗುದ್ದುವ ಡೋಲು,
ಕೈಯಲ್ಲಿ ನಾನು ಅಂಜಲ್ ಕತ್ತರಿಸುವ ಚೂರಿ.
ಮುನ್ನೂರ ಹನ್ನೆರಡು ಮಂದಿ ಮೆಚ್ಚಿದ್ದಾರೆ.
ಕೆಳಗೆ ಬರೆದಿದ್ದ: ಅಮ್ಮ ಕೊಟ್ಟದ್ದು.

ಒಂಬತ್ತು ವರ್ಷದಲ್ಲಿ ಮೊದಲ ಸಲ.

ಬೈಯಲು ತೆರೆದ ಬಾಯಿ ಹಾಗೇ ಉಳಿಯಿತು.
ಕನ್ನಡಕ ಒರೆಸಿ ಇನ್ನೊಮ್ಮೆ ಓದಿದೆ.
"ಹೇಗಿದೆ?" ಎಂದ.

ಡ್ಯೂಟಿಗೆ ಹೊರಡುವಾಗ ಚೂರಿಯನ್ನು
ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.
ಇನ್ನು ಮೇಲೆ ಮೀನನ್ನು
ಅಂಗಡಿಯವನೇ ಕತ್ತರಿಸಿ ಕೊಡಲಿ.