ಭಾಗವಹಿಸಿದ್ದಕ್ಕೆ ಇನ್ನೂರು

ಕಿಸೀ ಪೇಟೆಯ ಬಾಡಿಗೆ ಬೈಕುಗಳ ಸ್ಟ್ಯಾಂಡಿನಲ್ಲಿ
ಒಂದು ಹಾಳೆ, ಮೂವತ್ತೊಂದು ಪ್ರಶ್ನೆ,
ಬಿಸಿಲಿಗೆ ಕಕ್ಕುವ ಪೆನ್ನು.
"ಹೆಸರು ಬರೆಯುವುದಿಲ್ಲ, ಹೆದರಬೇಡಿ" ಅನ್ನುತ್ತೇನೆ.
ಒಂಚಿರಿ ನಗುತ್ತಾನೆ: "ಬರಕೋ ತಂಗಿ,
ಸಾಲ ಕೊಟ್ಟವರೆಲ್ಲರ ಹತ್ತಿರ ಇರುವ ಹೆಸರು,
ನಿನ್ನ ಹತ್ತಿರವೂ ಇದ್ದರೇನು?"

ಪ್ರಶ್ನೆ ಹದಿನಾಲ್ಕು: ಕಳೆದ ಮೂವತ್ತು ದಿನದಲ್ಲಿ
ಪಣಕ್ಕೆ ಕಟ್ಟಿದ್ದೆಷ್ಟು?
ಆಕಾಶ ನೋಡುತ್ತಾನೆ, ಟೈರು ನೋಡುತ್ತಾನೆ,
"ಬಿಡು, ಚಿಲ್ಲರೆ."
ಚಿಲ್ಲರೆಗೆ ನನ್ನ ಹಾಳೆಯಲ್ಲಿ ಚೌಕವಿಲ್ಲ.

ಗೆದ್ದದ್ದು ಕೇಳಿ ನೋಡಿ:
ಎರಡು ವರ್ಷದ ಹಿಂದಿನ ಶನಿವಾರ, ಸಂಜೆ ಆರೂಮುಕ್ಕಾಲು,
ಹನ್ನೊಂದು ಸಾವಿರದ ನಾನೂರು ಶಿಲ್ಲಿಂಗು,
ಯಾವ ಅಂಗಿ ತೊಟ್ಟಿದ್ದ, ಯಾರು ಚಹಾ ಕುಡಿಸಿದರು,
ತೊಂಬತ್ತನೇ ನಿಮಿಷಕ್ಕೆ ಯಾರ ಎಡಗಾಲು.
ಗೆಲುವಿಗೆ ಇಸವಿ ಉಂಟು, ತಾರೀಖು ಉಂಟು.
ಸೋಲಿಗೆ ಬರೀ ಚಿಲ್ಲರೆ.

ಪಕ್ಕದಲ್ಲಿ ಅವಕಾಡೊ ರಾಶಿ ಹಾಕಿ ಕೂತ ಬೊಸಿಬೊರಿ
ಅವನ ಹೆಂಡತಿಯಲ್ಲ, ಹೆಂಡತಿಯ ಚೀಟಿ ಗುಂಪಿನವಳು,
ಕರೆಯದೆಯೇ ಲೆಕ್ಕಕ್ಕೆ ಬಂದಳು:
"ಬರಕೋ. ಮಗಳ ಫೀಸು ಕಟ್ಟಬೇಕಾದವನು ಪಣ ಕಟ್ಟಿದ.
ಮನೆ ಕಟ್ಟಲು ತಂದ ತಗಡು ಒಂದೊಂದೇ ಮಾರಿಹೋಯಿತು.
ಅವಳು ಹೊಟ್ಟೆಬಟ್ಟೆ ಕಟ್ಟಿ ಚೀಟಿ ಕಟ್ಟಿದಳು.
ಸರದಿ ಬಂದ ರಾತ್ರಿ ದುಡ್ಡು ಇವನ ಫೋನಿನಲ್ಲಿತ್ತು,
ಬೆಳಿಗ್ಗೆ ಫೋನು ಮಾತ್ರ ಇತ್ತು.
ಈಗ ಗುಂಪಿನಲ್ಲಿ ಅವಳ ಬಾಯಿ ಕಟ್ಟಿದೆ.
ಇದಕ್ಕೆ ಯಾವ ಚೌಕ?"
ಒಂಚಿರಿ ಚೈನಿಗೆ ಎಣ್ಣೆ ಬಿಡುತ್ತಿದ್ದ.
ಚೈನಿಗೆ ಆಗಲೇ ಬೇಕಾದಷ್ಟು ಎಣ್ಣೆ ಇತ್ತು.

ತಿಂಗಳು ಕಳೆದು, ಒಪ್ಪಿಗೆಯ ಸಹಿಯಂತೆ,
ಅವರವರ ಫೋನಿನ ಹಣದ ಪಟ್ಟಿಗಳು ಬಂದವು,
ನೂರಾ ಹನ್ನೆರಡು ಜನರದು, ಹೆಸರಿಲ್ಲದೆ, ಸಂಖ್ಯೆ ಹೊತ್ತು.
ನೈರೋಬಿಯ ಕೋಣೆಯಲ್ಲಿ ರಾತ್ರಿ
ಹತ್ತು, ಇಪ್ಪತ್ತು, ನಲವತ್ತೊಂಬತ್ತು,
ಒಂದು ಸೋಪಿನಷ್ಟು, ಒಂದು ಹೊತ್ತಿನ ಹಾಲಿನಷ್ಟು.
ಹೌದು, ಚಿಲ್ಲರೆಯೇ. ಅವನು ಸುಳ್ಳಾಡಿರಲಿಲ್ಲ.
ಚಿಲ್ಲರೆ ಕೂಡಿದರೆ ಒಂಬತ್ತು ಸಾವಿರ.
ನಡುರಾತ್ರಿ ಎರಡಕ್ಕೆ ಸಾಲ ಬಂದಿದೆ,
ಎರಡು ಗಂಟೆ ಒಂದು ನಿಮಿಷಕ್ಕೆ ಹೋಗಿದೆ.
ಆ ಹೊತ್ತಿನಲ್ಲಿ ಯಾರು ಆಡುತ್ತಿದ್ದರು? ಹುಡುಕಿದೆ.
ದಕ್ಷಿಣ ಅಮೆರಿಕದ ಯಾವುದೋ ಊರಿನ
ಹೆಂಗಸರ ವಾಲಿಬಾಲು.

ಎಲ್ಲ ಕಾನೂನಿನಂತೆ. ಪ್ರತಿ ಸಂದೇಶದ ಬಾಲಕ್ಕೂ
ಪರವಾನಗಿಯ ನಂಬರು, ಜವಾಬ್ದಾರಿಯಿಂದ ಆಡಿ ಎಂಬ ಬುದ್ಧಿಮಾತು.
ತೆರಿಗೆ ಒಂದು ಸೆಂಟೂ ಬಾಕಿಯಿಲ್ಲ.

ಆಮೇಲೆ ಆ ಸಾಲು ಕಂಡಿತು.
ಸಂಖ್ಯೆ ಎಪ್ಪತ್ತಮೂರು, ಗುರುವಾರ, ಹನ್ನೊಂದು ಇಪ್ಪತ್ತು:
ವಿಶ್ವವಿದ್ಯಾಲಯದಿಂದ ಬಂದದ್ದು ಇನ್ನೂರು.
ಸಮೀಕ್ಷೆಯಲ್ಲಿ ಭಾಗವಹಿಸಿದ್ದಕ್ಕೆ, ಧನ್ಯವಾದಗಳೊಂದಿಗೆ,
ನಾನೇ ಒತ್ತಿ ಕಳಿಸಿದ್ದು.
ಹನ್ನೊಂದು ಇಪ್ಪತ್ತನಾಲ್ಕು:
ಹೋದದ್ದು ಇನ್ನೂರು.

ನಾಲ್ಕು ನಿಮಿಷ. ನಾನಿನ್ನೂ ಅಲ್ಲೇ ಇದ್ದೆ,
ಬೊಸಿಬೊರಿಯ ರಾಶಿಯಲ್ಲಿ ಮೆತ್ತಗಿನದು ಹುಡುಕುತ್ತಿದ್ದೆ.

ಉಳಿದವರದೂ ತೆಗೆದು ನೋಡಿದೆ. ನೋಡಬಾರದಿತ್ತು.
ನೂರಾ ಹನ್ನೆರಡರಲ್ಲಿ ಅರವತ್ತೇಳು.
"ಆ ಸಾಲುಗಳನ್ನು ಅಳಿಸು," ಅಂದರು ಮೊಗಾಕಾ ಬೆಳಿಗ್ಗೆ,
ಕನ್ನಡಕ ಒರೆಸುತ್ತಾ, "ನಮ್ಮ ದುಡ್ಡು ಫಲಿತಾಂಶ ಕೆಡಿಸುತ್ತದೆ.
ಬೇಕಾದರೆ ಒಂದು ಅಡಿಟಿಪ್ಪಣಿ ಹಾಕು."

ಅಳಿಸುವ ಮುಂಚೆ ಒಂದು ಸಲ
ಎಪ್ಪತ್ತಮೂರರ ಶನಿವಾರಕ್ಕೆ ಹೋದೆ.
ಏಳು ಪಂದ್ಯ ಸೇರಿದರೆ ದುಡ್ಡು ಬರಬೇಕು,
ಸಂಜೆ ಆರರ ಮೇಲೆ, ಇಲ್ಲೇ ಎಲ್ಲೋ.
ಬೆರಳು ಕೆಳಗೆ, ಇನ್ನೂ ಕೆಳಗೆ.
ಚಹಾ ಆರಿತು.
ಬರಲಿ, ಬರಲಿ ಅನ್ನುತ್ತಿದ್ದೇನೆ,
ಯಾರಿಗೂ ಕೇಳದ ಹಾಗೆ.