ಹನ್ನೊಂದನೆಯ ದಿನ

ಬ್ಯೂಟ್ ಊರಿನ ಮೇಲೆ ಹೊಗೆ ಕೂತು ಇಂದಿಗೆ ಆರು ದಿನ.
ಉರಿಯುತ್ತಿರುವ ಕಾಡು ಪಡುವಣ ಬೆಟ್ಟದಾಚೆ,
ಕೆಮ್ಮುತ್ತಿರುವವರು ಈಚೆ.
ತಾಮ್ರದ ಗಣಿಯ ಹಳೆಯ ಕಬ್ಬಿಣದ ಗೋಪುರಗಳು
ಮಧ್ಯಾಹ್ನಕ್ಕೇ ಮಸುಕು,
ಯಾರೋ ಪೆನ್ಸಿಲ್ಲಿನಲ್ಲಿ ಬರೆದು
ಸರಿಬರಲಿಲ್ಲವೆಂದು ಅಂಗೈಯಲ್ಲಿ ಒರೆಸಿದ ಹಾಗೆ.

ಔಷಧದಂಗಡಿಯಲ್ಲಿ ಮಾಸ್ಕು ಮುಗಿದಿದೆ.
ಸಾಲು ಬಾಗಿಲವರೆಗೆ.
ಟೌನೊ ಬಂದ, ಶಾಲೆಯ ಬಾಯ್ಲರ್ ನೋಡಿಕೊಳ್ಳುವವ,
ಇನ್‌ಹೇಲರಿನ ಡಬ್ಬಿ ನನ್ನ ಮುಂದಿಟ್ಟ.
ಅವನ ಎದೆಯೊಳಗೆ ಸಣ್ಣಗೆ ಸಿಳ್ಳೆ,
ಬಾಗಿಲ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡಂತೆ.

'ಇದಕ್ಕೆ ಚೀಟಿ ಬೇಡ ತಾನೆ?'
'ಬೇಡ.'
'ಹಾಗಾದರೆ ಮಾತೂ ಬೇಡ.'

ಒಂದೇ ಉಸಿರಿಗೆ ಇಷ್ಟು ಅಂದನಲ್ಲ,
ಅಷ್ಟರಮಟ್ಟಿಗೆ ನನಗೆ ಧೈರ್ಯ ಬಂತು.
ಡಬ್ಬಿಯ ಮೇಲೆ ಅಂಗೈ ಇಟ್ಟೇ ಕೇಳಿದೆ:
ಕಾಫಿ?
'ಗಂಟೆಗೊಂದು. ನಿದ್ದೆ ಇಲ್ಲವಲ್ಲ.'
ಮೂಗು ಕಟ್ಟಿದ್ದಕ್ಕೆ ಮಾತ್ರೆ?
'ಕೆಂಪನೆಯವು. ನೀವೇ ಕೊಟ್ಟಿದ್ದು, ಮೊನ್ನೆ.'
ಹೌದು, ನಾನೇ.

ಒಂದೊಂದೂ ಸಂಭಾವಿತ ನೆಂಟನೇ.
ಒಬ್ಬೊಬ್ಬನೇ ಬಂದರೆ ಉಂಡು, ಹರಸಿ ಹೋಗುತ್ತಾನೆ.
ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಮಾತ್ರ
ಎಲೆ ಹರಿಯುತ್ತದೆ, ತೋಳೇರುತ್ತದೆ,
ಮನೆಯ ಯಜಮಾನ ಹೃದಯ
ಯಾರನ್ನು ಮೊದಲು ಬಿಡಿಸಲಿ ಎಂದು
ಎದ್ದು ಬಿದ್ದು ಓಡಾಡುತ್ತದೆ.

ರಕ್ತದೊತ್ತಡ?
ಕೈ ನಡುಗುವುದಕ್ಕೆ, ಎದೆ ಹೊಡೆದುಕೊಳ್ಳುವುದಕ್ಕೆ ಏನಾದರೂ?
ಇಲ್ಲ, ಇಲ್ಲ. ತಲೆ ಆಡಿಸಿದ.
ಉಳಿದದ್ದು ಒಂದು ಪ್ರಶ್ನೆ.
ಅದನ್ನು ಸಾಲಿನ ಮುಂದೆ ಕೇಳುವುದು
ಊರ ನಡುವೆ ಒಬ್ಬನ ಅಂಗಿ ಬಿಚ್ಚಿಸಿದ ಹಾಗೆ.
ದನಿ ತಗ್ಗಿಸಿದೆ:
ಮನಸ್ಸಿಗೆ?

ಟೌನೊ ಬಾಯಿ ಬಿಡಲಿಲ್ಲ.
ಹಿಂದೆ ನಿಂತಿದ್ದ ಟ್ರೆಂಬಾತ್ ಅಮ್ಮ
ಕೆಮ್ಮಿನ ಸಿರಪ್ಪಿನ ಬೆಲೆ ಓದತೊಡಗಿದಳು,
ಎರಡೆರಡು ಸಲ.

'ಬಿಟ್ಟುಬಿಟ್ಟೆ' ಅಂದ ಕೊನೆಗೆ.
'ತಂಗಿಯ ಮಗಳ ಮದುವೆ ಇತ್ತು.
ಇಪ್ಪತ್ತು ವರ್ಷ ಅವರು ಕೊಟ್ಟ ಪಟ್ಟಿ ನೋಡಿಯೇ ಉಂಡೆ.
ಹಳೆಯ ಚೀಸ್ ಬೇಡ, ಉಪ್ಪಿನ ಮೀನು ಬೇಡ,
ಪೀಪಾಯಿಯ ಬಿಯರ್ ಬೇಡ.
ಒಂದು ದಿನ ಎಲ್ಲರ ಹಾಗೆ ತಿನ್ನೋಣ ಅನ್ನಿಸಿತು.'
ತಿಂದೆಯಾ?
'ತಟ್ಟೆಗೆ ಹಾಕಿಕೊಂಡೆ.
ನೋಡುತ್ತಾ ಕೂತೆ.'

ಬಿಟ್ಟು ಎಷ್ಟು ದಿನ?
ಅವನು ಬೆರಳು ಮಡಿಸಿದ.
ಬಾಯ್ಲರಿನ ಮಸಿ ಉಗುರಿನಲ್ಲಿ ಇನ್ನೂ ಇತ್ತು.
ಹತ್ತಾದ ಮೇಲೆ
ಮತ್ತೆ ಹೆಬ್ಬೆರಳಿಗೆ ಬಂದು ನಿಂತ.

ಹನ್ನೊಂದು.
ಟೌನೊ, ಆ ಮಾತ್ರೆಯನ್ನು
ನಾವು ಬಿಟ್ಟೆವೆಂದರೂ ಅದು ನಮ್ಮನ್ನು ಬಿಟ್ಟಿರುವುದಿಲ್ಲ.
ಖಾಲಿ ಸೀಸೆ ಕಸಕ್ಕೆ ಹೋದ ಮೇಲೂ
ಎರಡು ವಾರ ಒಳಗೇ ಇರುತ್ತದೆ, ದೀಪ ಹಚ್ಚದೆ.
ಈ ಡಬ್ಬಿಯನ್ನು ಈಗ ಒತ್ತಿದರೆ
ಉಸಿರಿಗೆ ದಾರಿ ಬಿಟ್ಟೀತು,
ನೆತ್ತರು ಮಾತ್ರ ನೆತ್ತಿಗೇರೀತು.
ಇದೆಲ್ಲ ಡಬ್ಬಿಯ ಬೆನ್ನ ಮೇಲೇ ಇದೆ,
ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ.
ಓದಿದವರನ್ನು ನಾನು ಕಂಡಿಲ್ಲ.
ಓದದವನೊಬ್ಬನಿಗೆ, ಹಿಂದೊಮ್ಮೆ,
ಕೇಳದೆಯೇ ಕೊಟ್ಟಿದ್ದೆ.
ಅದು ಇರಲಿ.

'ಮತ್ತೆ ಈಗ ಉಸಿರಾಡುವುದು ಹೇಗೆ?'
ಕೋಪವಲ್ಲ; ನಿಜವಾಗಿ ಕೇಳಿದ.
ಕ್ಲಿನಿಕ್ಕಿಗೆ ಫೋನು ಮಾಡಿದೆ.
ಕೂಡಲೇ ಕಳಿಸಿ ಅಂದರು,
ಬಿಟ್ಟ ಮಾತ್ರೆಯ ಹೆಸರನ್ನೂ
ಚೀಟಿಯಲ್ಲಿ ಬರೆದು ಕಳಿಸಿ ಅಂದರು.
ಗಾಡಿ ಓಡಿಸಬೇಡ ಎಂದೆ.
ಅವನು ಕಿಟಕಿಯ ಹೊಗೆ ನೋಡಿದ.

ಟ್ರೆಂಬಾತ್ ಅಮ್ಮ ಸಿರಪ್ಪು ಕೆಳಗಿಟ್ಟಳು.
'ನನ್ನ ಟ್ರಕ್ಕು ಹೊರಗೇ ಇದೆ.'
ಬೀಗದ ಕೈ ಹುಡುಕುತ್ತಾ,
ಯಾರ ಮುಖವನ್ನೂ ನೋಡದೆ ಅಂದಳು:
'ಏಳು ವರ್ಷದಿಂದ
ನನಗೂ ಚೀಸ್ ಇಲ್ಲ.'

ಬಾಗಿಲು ತೆರೆದಾಗ ಒಂದಿಷ್ಟು ಹೊಗೆ ಒಳಗೆ ಬಂತು.
ಡಬ್ಬಿಯನ್ನು ಕಪಾಟಿಗೆ ಇಟ್ಟೆ, ಬೆನ್ನು ಹೊರಗೆ ಮಾಡಿ.
ಸಾಲಿನ ಮುಂದಿನವನ ಕೈಯಲ್ಲೂ
ಅಂಥದೇ ಇನ್ನೊಂದು.

'ಕಾಫಿ ಕುಡಿಯುತ್ತೀರಾ?' ಎಂದೆ.
ನಾನೇನೋ ಉಪಚಾರ ಮಾಡುತ್ತಿದ್ದೇನೆಂದುಕೊಂಡು
ಅವನು ನಕ್ಕ.