ಗಟ್ಟಿ ಜಾಗ

ಅರವತ್ತೊಂದರ ಮಾರಿಸ್ ಮೈನರ್. ಇದಕ್ಕೆ ಸೀಟ್ ಬೆಲ್ಟೇ ಇರಲಿಲ್ಲ,
ಬೇಕೆಂದು ಆಗ ಯಾರೂ ಕೇಳಲೂ ಇಲ್ಲ.
ಈಗ ಮೊಮ್ಮಗಳು ಸೋರ್ಚಾಗೆ ಎರಡು ವರ್ಷ,
ಬೆಲ್ಟಿಲ್ಲದ ಕಾರಿಗೆ ಅವಳನ್ನು ಹತ್ತಿಸುವಂತಿಲ್ಲ.

ಆರ್‌ಬ್ರೋತ್ ಬಂದರಿನ ಹಿಂದೆ,
ಹ್ಯಾಡಕ್ ಮೀನಿಗೆ ಹೊಗೆ ಹಾಕುವ ಷೆಡ್ಡಿನ ಪಕ್ಕ, ನನ್ನ ಗ್ಯಾರೇಜು.
ಪೊಟ್ಟಣ ಬಿಚ್ಚಿದೆ: ಕಪ್ಪು ಪಟ್ಟಿ, ಬಕಲ್ಲು,
ಕಿರುಬೆರಳ ದಪ್ಪ ಬೋಲ್ಟು,
ಜೊತೆಗೊಂದು ಚೀಟಿ:
ಗಟ್ಟಿ ಲೋಹಕ್ಕೆ ಮಾತ್ರ ಬಿಗಿಯಿರಿ.

ಬಲಗಡೆ ಸಲೀಸು.
ಡ್ರಿಲ್ಲಿಗೆ ತಗಡು ಸುರುಳಿ ಸುರುಳಿಯಾಗಿ ಹೊರಬಂತು, ಹೊಳೆಯುತ್ತ.
ಎಡಗಡೆ, ಬೆಣ್ಣೆಗೆ ಚುಚ್ಚಿದ ಹಾಗೆ ಒಳನುಗ್ಗಿಬಿಟ್ಟಿತು;
ತುದಿಗೆ ಸುತ್ತಿಕೊಂಡು ಬಂದದ್ದು ಕಾಗದ.
ಎಪ್ಪತ್ತಾರನೇ ಇಸವಿಯ ಪತ್ರಿಕೆ,
ಮೀನಿನ ಧಾರಣೆ, ಯಾರದೋ ಅರ್ಧ ಮದುವೆ.

'ಒಂದು ಚೂರೂ ತುಕ್ಕಿಲ್ಲ ಕಣೋ' ಅಂದಿದ್ದ ಅಣ್ಣ ಗಿಲ್ಲಿಸ್, ಮಾರುವಾಗ.
ನೂರೈವತ್ತು ಪೌಂಡು,
ಎಂಜಲು ಹಚ್ಚಿ ಎರಡೆರಡು ಸಲ ಎಣಿಸಿಕೊಂಡ.
ತೂತಿಗೆ ಪೇಪರು ತುರುಕಿ, ಪುಟ್ಟಿ ಮೆತ್ತಿ, ಹಸಿರು ಬಳಿದು,
ಉಗುರಲ್ಲಿ ತಟ್ಟಿ ಬೇರೆ ತೋರಿಸಿದ್ದ,
ಟಣ್ ಎನ್ನುವ ಜಾಗದಲ್ಲೇ.

ಅದಕ್ಕೂ ಮೊದಲು ಈ ಎಡಸೀಟಲ್ಲಿ ಎಷ್ಟು ಸಲ ಕೂತಿದ್ದೆ.
ಬ್ರೇಕು ಒತ್ತಿದಾಗಲೆಲ್ಲ ಅವನ ಎಡಗೈ
ನನ್ನೆದೆಗೆ ಅಡ್ಡ ಬಂದು ನಿಲ್ಲುತ್ತಿತ್ತು.
ಆಗ ನನಗೆ ಮೀಸೆ ಬಂದು ಹತ್ತು ವರ್ಷವಾಗಿತ್ತು, ಮಾರಾಯ.

ಬೈಯೋಣವೆಂದರೆ ಅವನಿಲ್ಲ.

ಪೇಪರನ್ನೆಲ್ಲ ಕೆದಕಿ ತೆಗೆದೆ. ಎರಡು ದಿನ ಹಿಡಿಯಿತು.
ಹೊಸ ತಗಡಿಗೆ ಬೆಸುಗೆ ಹಾಕಿ, ಬೋಲ್ಟು ಬಿಗಿದು,
ಪಟ್ಟಿಗೆ ಜೋತುಬಿದ್ದು ಎಳೆದೆ.
ಅಲುಗಲಿಲ್ಲ.

ಆಮೇಲೆ ಬಲಗಡೆಯದನ್ನೂ ಬಿಚ್ಚಿ
ಟಾರ್ಚು ಹಿಡಿದು ಇನ್ನೊಮ್ಮೆ ನೋಡಿದೆ,
ಯಾವುದಕ್ಕೂ ಇರಲಿ ಅಂತ, ಗಿಲ್ಲಿಸ್.